ವಿಷಮಶೀತ ಜ್ವರದಲ್ಲಿ ಚರ್ಮ: ಕಾಣುವುದು, ಕಾಣದೇ ಹೋಗುವುದು

ವಿಜಯಪುರದ ನಮ್ಮ ಓಣಿಯ ಕಾಲೇಜು ಹುಡುಗಿಯೊಬ್ಬಳು ದೀಪಾವಳಿ ಹತ್ತಿರ ಬಂದಾಗ ಮನೆಗೆ ಬಂದು, "ಕಾಕಾ, ಹಣಗಿ ತುಂಬ ಕೂದಲಾ ಬರಾಕತ್ತಾವ್ರಿ" ಎಂದು ಕಣ್ಣೀರು ಹಾಕಿದಳು. ದಸರೆಯಿಂದಲೇ ಶುರುವಾಗಿತ್ತಂತೆ. ಎಣ್ಣೆ ಬದಲಿಸಿದ್ದರು, ಬೋರಿನ ನೀರನ್ನು ದೂರಿದ್ದರು. ಜುಲೈಯಲ್ಲಿ ಅವಳನ್ನು ಎರಡು ವಾರ ಹಾಸಿಗೆ ಹಿಡಿಸಿದ್ದ ಟೈಫಾಯ್ಡ್ ಮಾತ್ರ ಯಾರ ನೆನಪಿಗೂ ಬಂದಿರಲಿಲ್ಲ.

ಟೈಫಾಯ್ಡ್, ಅಂದರೆ ವಿಷಮಶೀತ ಜ್ವರ, ಕರುಳಿನ ರೋಗವೆಂದೇ ನಾವು ತಿಳಿದಿದ್ದೇವೆ. ಕಲುಷಿತ ನೀರು, ಆಹಾರಗಳ ಮೂಲಕ ಹೊಟ್ಟೆ ಸೇರುವ ಸಾಲ್ಮೊನೆಲ್ಲಾ ಟೈಫಿ ಎಂಬ ಬ್ಯಾಕ್ಟೀರಿಯಾ ಕರುಳಿನ ಗೋಡೆಯನ್ನು ದಾಟಿ, ಯಕೃತ್ತು, ಗುಲ್ಮ ಮತ್ತು ಅಸ್ಥಿಮಜ್ಜೆಯಲ್ಲಿ ಬೆಳೆದು, ಅಲ್ಲಿಂದ ಮತ್ತೆ ರಕ್ತಕ್ಕೆ ಇಳಿಯುತ್ತದೆ. ರಕ್ತ ಹರಿಯುವಲ್ಲೆಲ್ಲ, ಚರ್ಮದ ಸೂಕ್ಷ್ಮ ರಕ್ತನಾಳಗಳಿಗೂ, ಅದು ಹೋಗಬಲ್ಲದು. ಜ್ವರದ ಎರಡನೆಯ ವಾರದ ಹೊತ್ತಿಗೆ ಕೆಲವರ ಹೊಟ್ಟೆ ಮತ್ತು ಎದೆಯ ಕೆಳಭಾಗದಲ್ಲಿ 2ರಿಂದ 4 ಮಿಲಿಮೀಟರ್ ಅಗಲದ, ತುಸುವೇ ಉಬ್ಬಿದ ಗುಲಾಬಿ ಚುಕ್ಕೆಗಳು ಏಳುವುದು ಹೀಗೆ. ಒಂದು ಸಲಕ್ಕೆ ಹತ್ತು ಹದಿನೈದಕ್ಕಿಂತ ಹೆಚ್ಚಿರುವುದು ಅಪರೂಪ, ತುರಿಕೆ ಇರುವುದಿಲ್ಲ, ಕೆಲವೇ ದಿನಗಳಲ್ಲಿ ಮಾಸಿಹೋಗುತ್ತವೆ. ಗಾಜಿನ ಪಟ್ಟಿಯೊಂದನ್ನು ಚುಕ್ಕೆಯ ಮೇಲೆ ಒತ್ತಿದರೆ ಬಣ್ಣ ಮಾಯವಾಗಿ, ತೆಗೆದೊಡನೆ ಮರಳಿ ತುಂಬಿಕೊಳ್ಳುತ್ತದೆ. ರಕ್ತ ನಾಳದಿಂದ ಹೊರಗೆ ಸೋರಿಲ್ಲ, ಹಿಗ್ಗಿದ ನಾಳದೊಳಗೇ ಇದೆ ಎಂಬುದಕ್ಕೆ ಅದೇ ಸಾಕ್ಷಿ. ಈ ಚುಕ್ಕೆಗಳ ಚೂರನ್ನು ತೆಗೆದು ಪ್ರಯೋಗಾಲಯದಲ್ಲಿ ರೋಗಾಣುವನ್ನು ಬೆಳೆಸಿದ್ದೂ ಉಂಟು.

1829ರಲ್ಲಿ ಪ್ಯಾರಿಸ್ಸಿನ ವೈದ್ಯ ಪಿಯರ್ ಲೂಯಿ ಈ ಜ್ವರವನ್ನು ವಿವರಿಸುವಾಗ ಚುಕ್ಕೆಗಳನ್ನೂ ದಾಖಲಿಸಿದ. ಆ ಹಳೆಯ ವಿವರಣೆ ಬಿಳಿ ಮೈಬಣ್ಣದವರನ್ನು ನೋಡಿ ಬರೆದದ್ದು ಎಂಬುದನ್ನು ನಾವು ಮರೆಯಬಾರದು. ನಮ್ಮ ಗೋಧಿ ಬಣ್ಣದ, ಎಣ್ಣೆಗಪ್ಪಿನ ಮೈಯಲ್ಲಿ ಆ ತೆಳು ಗುಲಾಬಿ ಸುಲಭವಾಗಿ ಕಣ್ಣಿಗೆ ಬೀಳದು. ಆದ್ದರಿಂದ ಚುಕ್ಕೆ ಕಾಣಲಿಲ್ಲವೆಂದು ಟೈಫಾಯ್ಡ್ ಅಲ್ಲವೆನ್ನುವುದು ತಪ್ಪು; ರೋಗವನ್ನು ಖಚಿತಪಡಿಸಲು ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಬೇಕು.

ಜ್ವರ ಇಳಿದು ಬೆವರು ಹರಿದಾಗ ಎದೆ, ಕುತ್ತಿಗೆಯ ಮೇಲೆ ನೀರಹನಿಯಂಥ ಸಣ್ಣ ಗುಳ್ಳೆಗಳು ಮೂಡುತ್ತವೆ. ಬೆವರಿನ ನಾಳದ ಬಾಯಿ ಮುಚ್ಚಿದ್ದೇ ಅದಕ್ಕೆ ಕಾರಣ. ಹಿಂದಿಯಲ್ಲಿ ಈ ಜ್ವರಕ್ಕೆ ಮೋತೀಝರಾ ಎಂಬ ಹೆಸರಿದೆ, ಮೋತಿ ಎಂದರೆ ಮುತ್ತು. ಈ ಗುಳ್ಳೆಗಳು ನಿರಪಾಯಕಾರಿ. ಹತ್ತಿಬಟ್ಟೆ, ಗಾಳಿ, ಒದ್ದೆಬಟ್ಟೆಯಿಂದ ಮೈ ಒರೆಸುವುದು ಸಾಕು. "ಅಮ್ಮ ಬಂದಾಳ" ಎಂದುಕೊಂಡು ಔಷಧಿ ನಿಲ್ಲಿಸುವುದು ಮಾತ್ರ ಅಪಾಯ.

ನನಗೆ ನಿಜವಾಗಿ ಭಯವಿರುವುದು ಔಷಧಿಯಿಂದ ಏಳುವ ದದ್ದುಗಳ ಬಗ್ಗೆ. ರೋಗದ ಚುಕ್ಕೆಗಳು ಕೆಲವೇ ಇದ್ದು ಹೊಟ್ಟೆಯ ಸುತ್ತಲೇ ಉಳಿದರೆ, ಔಷಧಿಯ ದದ್ದು ಸಾಮಾನ್ಯವಾಗಿ ತುರಿಕೆಯೊಂದಿಗೆ ಮೈತುಂಬ ಹರಡುತ್ತದೆ. ಕೋಟ್ರಿಮಾಕ್ಸಜೋಲ್‌ನಂಥ ಸಲ್ಫಾ ಮಾತ್ರೆ ಕೆಲವರಲ್ಲಿ ದುಂಡನೆಯ ಕಪ್ಪು ಕಲೆಯನ್ನು ಬಿಡುತ್ತದೆ, ಮತ್ತೆ ಅದೇ ಮಾತ್ರೆ ನುಂಗಿದರೆ ಅದೇ ಜಾಗ ಮತ್ತೆ ಉರಿಯುತ್ತದೆ. ಅಪರೂಪಕ್ಕೆ, ಮಾತ್ರೆ ಶುರುಮಾಡಿದ ಕೆಲವು ದಿನಗಳಿಂದ ನಾಲ್ಕು ವಾರಗಳೊಳಗೆ, ಬಾಯಿ ಹುಣ್ಣಾಗಿ, ಕಣ್ಣು ಕೆಂಪಾಗಿ, ಚರ್ಮ ನೋಯುತ್ತ ಸುಲಿಯತೊಡಗಬಹುದು. ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಎಂಬ ಈ ಸ್ಥಿತಿಯಲ್ಲಿ ಮುಂದಿನ ಗುಳಿಗೆಯನ್ನು ಕೊಡದೆ, ಔಷಧಿ ಚೀಟಿಯ ಸಮೇತ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಟೈಫಾಯ್ಡ್‌ನಲ್ಲಿ ರಕ್ತನಾಳಗಳ ಉರಿಯೂತದಿಂದ ಕಾಲಿನಲ್ಲಿ ನೇರಳೆ ಕಲೆಗಳಾಗುವುದು ವಿರಳ. ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯೋಟಿಕ್ ಔಷಧಿ 1948ರಲ್ಲಿ ಬರುವ ಮೊದಲು ಜ್ವರ ಮೂರು ನಾಲ್ಕು ವಾರ ಎಳೆಯುತ್ತಿದ್ದುದರಿಂದ, ಮಲಗಿದಲ್ಲೇ ಸೊಂಟ, ಹಿಮ್ಮಡಿಗಳಲ್ಲಿ ಹುಣ್ಣಾಗುವುದೂ ಇತ್ತು.

ಇನ್ನು ಆ ಹುಡುಗಿಯ ಕೂದಲು. ತಲೆಯ ಕೂದಲಲ್ಲಿ ನೂರಕ್ಕೆ 85-90ರಷ್ಟು ಸದಾ ಬೆಳೆಯುತ್ತಿರುತ್ತವೆ. ತೀವ್ರ ಜ್ವರದ ಹೊಡೆತಕ್ಕೆ ಅವುಗಳಲ್ಲಿ ಬಹಳಷ್ಟು ಒಟ್ಟಿಗೇ ವಿಶ್ರಾಂತಿಗೆ ಜಾರುತ್ತವೆ, ಎರಡು ಮೂರು ತಿಂಗಳ ನಂತರ ಒಟ್ಟಿಗೇ ಉದುರುತ್ತವೆ. ಬೇರು ಸತ್ತಿರುವುದಿಲ್ಲ, ಆರು ತಿಂಗಳಲ್ಲಿ ಉದುರುವುದು ಬಹುತೇಕ ನಿಲ್ಲುತ್ತದೆ, ನಿಲ್ಲದಿದ್ದರೆ ರಕ್ತಹೀನತೆ, ಥೈರಾಯ್ಡ್‌ಗಳನ್ನು ಪರೀಕ್ಷಿಸಬೇಕು. ಇದನ್ನೆಲ್ಲ ಹೇಳಿದರೂ ಅವಳಿಗೆ ನಂಬಿಕೆ ಬರಲಿಲ್ಲ. ಹೆಬ್ಬೆರಳು ತೋರಿಸೆಂದೆ. ಉಗುರಿನ ಕೆಳ ಅರ್ಧದಲ್ಲಿ ಅಡ್ಡಲಾಗಿ ಒಂದು ಸಣ್ಣ ತಗ್ಗು ಗೆರೆ ಇತ್ತು. ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವ ಉಗುರು, ಜುಲೈಯ ಜ್ವರದಲ್ಲಿ ಕೆಲಕಾಲ ನಿಂತು ಮತ್ತೆ ಬೆಳೆಯತೊಡಗಿದ ಜಾಗವದು. ಅವಳು ಅದರ ಮೇಲೆ ಬೆರಳಾಡಿಸಿ ನೋಡಿದಳು. ಆಮೇಲೆ ಕನ್ನಡಿಯ ಮುಂದೆ ನಿಂತಾಗ, ಬೈತಲೆಯ ಅಂಚಿನಲ್ಲಿ ಆಗಲೇ ಚಿಗುರಿದ್ದ ಗಿಡ್ಡ ಕೂದಲುಗಳು ಅವಳಿಗೇ ಕಂಡವು.