327 ಸೇವ್ ಅಂದರೆ 327 ಪಂದ್ಯ ಕಾಪಾಡಿದ ಹಾಗಾ?

ಪ್ರಶ್ನೆ: ಡೊಮಿನಿಕನ್ ರಿಪಬ್ಲಿಕ್‌ನ ಬೇಸ್‌ಬಾಲ್ ಪಿಚರ್ (ಚೆಂಡು ಎಸೆಯುವವರು) ಫರ್ನಾಂಡೊ ರಾಡ್ನಿ ಹೆಸರಲ್ಲಿ 327 ಸೇವ್ ಇವೆ. ಸೋಲುವಂತಿದ್ದ 327 ಪಂದ್ಯ ಗೆಲ್ಲಿಸಿದ್ದಾರೆ ಅಂತ ತಾನೆ?

ಅಲ್ಲ, ಅಲ್ಲ, ಅಲ್ಲ. ಸೋಲುತ್ತಿರುವ ತಂಡದ ಪಿಚರ್‌ಗೆ ಸೇವ್ ಸಿಗುವುದೇ ಇಲ್ಲ! ತಂಡ ಮುಂದಿರುವಾಗ ಬಂದು, ಆ ಮುನ್ನಡೆ ಬಿಟ್ಟುಕೊಡದೆ ಕೊನೆಯ ಔಟ್‌ವರೆಗೆ ಎಸೆದವನಿಗೆ ಮಾತ್ರ ಸೇವ್. ಸಾಮಾನ್ಯ ಲೆಕ್ಕ ಇಷ್ಟೇ: ಬರುವಾಗ ಮುನ್ನಡೆ ಮೂರು ರನ್ ಮೀರಿರಬಾರದು, ಕನಿಷ್ಠ ಒಂದು ಇನ್ನಿಂಗ್ಸ್ ಎಸೆಯಬೇಕು. ಇನ್ನೆರಡು ದಾರಿಗಳಿವೆ, ಅವು ಅಪರೂಪ. 1969ರಿಂದ ಇದು ಅಧಿಕೃತ ಅಂಕಿ.

ಈಗ ಕೊನೆಯದಾದ ಒಂಬತ್ತನೇ ಇನ್ನಿಂಗ್ಸ್‌ಗೆ ಮೂರು ರನ್ ಮುನ್ನಡೆಯಿಟ್ಟು ಒಬ್ಬನನ್ನು ಕಳಿಸಿ. ಎರಡು ರನ್ ಕೊಟ್ಟು, ಎಲ್ಲರ ಎದೆ ಬಡಿತ ಏರಿಸಿ, ಹೇಗೋ ಮುಗಿಸುತ್ತಾನೆ. ಸೇವ್ ಸಿಕ್ಕಿತು. ಆದರೆ ಇಆರ್‌ಎ, ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಕೊಟ್ಟ ರನ್ ಸರಾಸರಿ, ಆ ದಿನದ ಮಟ್ಟಿಗೆ 18. ಕೊನೆಯ ಓವರ್‌ನಲ್ಲಿ 30 ರನ್ ಕಾಯಬೇಕಿದ್ದಾಗ 25 ಕೊಟ್ಟ ಬೌಲರನ್ನು ನಾವು ಹೆಗಲ ಮೇಲೆ ಹೊರುತ್ತೇವೆಯೇ? ಅದೇ ಪಂದ್ಯದ ಎಂಟನೇ ಇನ್ನಿಂಗ್ಸ್‌ನಲ್ಲಿ ಮೂರೂ ಬೇಸ್‌ಗಳಲ್ಲಿ ಎದುರಾಳಿ ಓಟಗಾರರು ನಿಂತಿದ್ದಾಗ ಬಂದು ಒಂದೂ ರನ್ ಬಿಡದವನಿಗೆ ಸಿಗುವುದು ಬರೀ ಹೋಲ್ಡ್, ಅಂದರೆ ಮುನ್ನಡೆ ಉಳಿಸಿ ಮುಂದಿನವನಿಗೆ ಒಪ್ಪಿಸಿದ್ದಕ್ಕೆ ಒಂದು ಗುರುತು.

ರಾಡ್ನಿಯದೇ ಲೆಕ್ಕ ನೋಡಿ. 2009ರಲ್ಲಿ ಡೆಟ್ರಾಯಿಟ್ ಟೈಗರ್ಸ್‌ಗೆ 38 ಅವಕಾಶಗಳಲ್ಲಿ 37 ಸೇವ್, ಇಆರ್‌ಎ 4.40, ಪಂದ್ಯ ಮುಗಿಸಲು ಬರುವ ಕ್ಲೋಸರ್‌ಗೆ ಹೇಳಿಕೊಳ್ಳುವಂಥದ್ದಲ್ಲ. 2012ರಲ್ಲಿ ಟ್ಯಾಂಪಾ ಬೇ ರೇಸ್‌ಗೆ 48 ಸೇವ್, ಇಆರ್‌ಎ 0.60. ಸೇವ್ ಕಾಲಂ ಮಾತ್ರ ನೋಡುವವರಿಗೆ ಈ ಎರಡು ವರ್ಷಗಳ ನಡುವೆ ಹನ್ನೊಂದರ ಅಂತರ ಕಾಣುತ್ತದೆ. ನಿಜಕ್ಕೆ ಅದು ಅಜಗಜಾಂತರ.

2012ರಲ್ಲಿ ಆದದ್ದೇನು ಅಂತ ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಅದನ್ನೇ. ವಾಕ್ (ಗುರಿ ತಪ್ಪಿದ ನಾಲ್ಕು ಎಸೆತಕ್ಕೆ ಬ್ಯಾಟರ್‌ಗೆ ಸಿಗುವ ಪುಕ್ಕಟೆ ಬೇಸ್) ಕೊಡುವುದು ಕಡಿಮೆಯಾಯಿತು. ಮೂರಾದರೆ ಔಟ್ ಆಗುವ ಸ್ಟ್ರೈಕ್‌ಗಳ ಲೆಕ್ಕ ಮುಂದಿದ್ದರೆ ಬ್ಯಾಟರ್ ಬೀಸಲೇಬೇಕು, ಆಗ ಚೇಂಜಪ್ ಎಂಬ ನಿಧಾನದ ಎಸೆತ ಕಚ್ಚುತ್ತದೆ. ರಾಡ್ನಿಯ ಫಾಸ್ಟ್‌ಬಾಲ್ ಗಂಟೆಗೆ 155 ಕಿ.ಮೀ. ಆಸುಪಾಸು ಇತ್ತು, ಚೇಂಜಪ್ ಅದಕ್ಕಿಂತ ಸುಮಾರು 20 ಕಿ.ಮೀ. ನಿಧಾನ. ಚೇಂಜಪ್‌ಗೆ ಚೆಂಡನ್ನು ಅಂಗೈಗೆ ತುಸು ಒಳಗೆ ಹಿಡಿಯುತ್ತಾರೆ. ಹಾಗಾಗಿ ತೋಳು ಅದೇ ರಭಸದಲ್ಲಿ ಬೀಸಿದರೂ ಚೆಂಡು ತಡವಾಗಿ ಬಂದು ಕೆಳಗಿಳಿಯುತ್ತದೆ. ನಮ್ಮ ಸ್ಲೋವರ್ ಬಾಲ್‌ನದೇ ಉಪಾಯ, ಇಲ್ಲಿ ಪುಟಿಯುವುದಿಲ್ಲ ಅಷ್ಟೇ. ತೋಳು ಒಂದಿಷ್ಟು ನಿಧಾನಿಸಿತೋ, ಬ್ಯಾಟರ್‌ಗೆ ಗುಟ್ಟು ಸಿಕ್ಕಿತು. ಸೊಂಟದೆತ್ತರಕ್ಕೆ ಬಿತ್ತೋ, ಚೆಂಡು ಪ್ರೇಕ್ಷಕರ ಪಾಲು.

2013ರ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ಡೊಮಿನಿಕನ್ ತಂಡ ಎಂಟಕ್ಕೆ ಎಂಟೂ ಗೆದ್ದಿತು. ರಾಡ್ನಿಗೆ ಏಳು ಸೇವ್, ಕೊಟ್ಟ ರನ್ ಸೊನ್ನೆ. ಸೇವ್ ಎಣಿಸಲೇಬೇಕು ಅಂತಿದ್ದರೆ ಇವನ್ನು ಎಣಿಸಿ. ಇನ್ನು ರಾಡ್ನಿ ಟೋಪಿಯನ್ನು ಯಾಕೆ ಓರೆಯಾಗಿ ಹಾಕುತ್ತಿದ್ದರು ಅನ್ನುವವರಿಗೆ: ಮೀನುಗಾರರಾಗಿದ್ದ ಅವರ ತಂದೆ ಹಾಗೆಯೇ ಹಾಕುತ್ತಿದ್ದರಂತೆ. ಅದಕ್ಕೂ ಚೆಂಡು ತಿರುಗುವುದಕ್ಕೂ ಸಂಬಂಧವಿಲ್ಲ, ದಯವಿಟ್ಟು.