145 ಅಂಕಿ, 10 ಅಕ್ಷರ

ಹಳೆಯ ರಂಗೋಲಿ ಪುಸ್ತಕಗಳಲ್ಲಿ ಚಿತ್ರದ ಕೆಳಗೆ ಒಂದು ಸಾಲು ಇರುತ್ತದೆ: '15ರಿಂದ 8, ಸಂದು ಚುಕ್ಕಿ'. ಅಂಗಳದ ರಂಗೋಲಿ ಸಂಜೆಯೊಳಗೆ ಅಳಿಸಿಹೋದರೂ ಚಿಂತೆಯಿಲ್ಲ, ಆ ಸಾಲಿದ್ದರೆ ನಾಳೆ ಮತ್ತೆ ಹಾಕಬಹುದು. ಸಿಂಥಸೈಜರ್‌ನಲ್ಲಿ, ಅಂದರೆ ವಿದ್ಯುತ್ತಿನಿಂದ ದನಿ ಹುಟ್ಟಿಸುವ ಕೀಬೋರ್ಡ್ ವಾದ್ಯದಲ್ಲಿ, ಒಂದು ಸೌಂಡ್ 'ಸೇವ್' ಮಾಡುವುದೂ ಹೀಗೇ. ಒಳಗೆ ಹೋಗಿ ಕೂರುವುದು ರೆಕಾರ್ಡ್ ಆದ ದನಿಯಲ್ಲ, ಆ ದನಿ ಹುಟ್ಟಿಸುವ ಲೆಕ್ಕ.

1970ರ ಮಿನಿಮೂಗ್ ಸಿಂಥಸೈಜರ್‌ನಲ್ಲಿ ಆ ಲೆಕ್ಕ ಇಡಲು ಜಾಗವೇ ಇರಲಿಲ್ಲ. ಒಳ್ಳೆ ಸೌಂಡ್ ಸಿಕ್ಕರೆ ಯಾವ ನಾಬ್ (ತಿರುಗಿಸುವ ಗುಂಡಿ) ಎಲ್ಲಿ ನಿಂತಿದೆ ಅಂತ ಕಾಗದದ ಮೇಲೆ ಗುರುತು ಹಾಕಿಕೊಳ್ಳಬೇಕಿತ್ತು. 1978ರಲ್ಲಿ ವಾದ್ಯ ವಿನ್ಯಾಸಕ ಡೇವ್ ಸ್ಮಿತ್ ಅವರ ಪ್ರಾಫೆಟ್-5 ಸಿಂಥಸೈಜರ್ ಬಂತು. ಅದರೊಳಗಿನ ಝಡ್80 ಮೈಕ್ರೊಪ್ರೊಸೆಸರ್ ಪ್ರತಿ ನಾಬ್‌ನ ವೋಲ್ಟೇಜನ್ನು ಅಂಕಿಯಾಗಿಸಿ ಮೆಮೊರಿಗೆ ಹಾಕುತ್ತಿತ್ತು. 40 ಸೌಂಡ್ ಹಿಡಿಯುತ್ತಿತ್ತು. ಜೊತೆಗೆ ಒಂದು ತಮಾಷೆಯೂ ಶುರುವಾಯಿತು: ಉಳಿಸಿದ ಸೌಂಡ್ ಕರೆದಾಗ ನಾಬ್‌ಗಳು ತಾವಾಗಿ ತಿರುಗುವುದಿಲ್ಲವಲ್ಲ! ಕಣ್ಣಿಗೆ ಕಾಣುವುದೇ ಒಂದು, ಕಿವಿಗೆ ಕೇಳುವುದೇ ಇನ್ನೊಂದು. ಈ ಗೊಂದಲ ಇವತ್ತಿನ ಯಂತ್ರಗಳಲ್ಲೂ ಇದೆ.

1983ರ ಯಮಾಹಾ ಡಿಎಕ್ಸ್7 ನಾಬ್‌ಗಳನ್ನೇ ಕೈಬಿಟ್ಟಿತು. ಸಾಲು ಸಾಲು ಬಟನ್, ಒಂದೆರಡು ಸ್ಲೈಡರ್, ಒಂದು ಸಣ್ಣ ಪರದೆ, ಅಷ್ಟೇ. ಒಂದು ಸೌಂಡ್ ಅಂದರೆ 145 ಅಂಕಿ ಮತ್ತು ಹೆಸರಿಗೆ 10 ಅಕ್ಷರ. ಒಳಗೆ ಇಂಥ 32 ಸೌಂಡ್‌ಗೆ ಜಾಗ. ಸೇವ್ ಮಾಡಲು ಮೊದಲು, ಉಳಿಸಿದ್ದು ಅಳಿಯದಂತೆ ಕಾಯುವ 'ಮೆಮೊರಿ ಪ್ರೊಟೆಕ್ಟ್' ಆಫ್ ಮಾಡಬೇಕು. ಆಮೇಲೆ 'ಸ್ಟೋರ್' ಬಟನ್ ಒತ್ತಿ ಹಿಡಿದು 1ರಿಂದ 32ರೊಳಗೆ ಒಂದನ್ನು ಒತ್ತಬೇಕು. ಆ ಜಾಗದಲ್ಲಿ ಮೊದಲು ಇದ್ದದ್ದು ಅಲ್ಲಿಗೆ ಹೋಯಿತು ಅಂತಲೇ ಲೆಕ್ಕ. ಪ್ರೊಟೆಕ್ಟ್ ಕಿರಿಕಿರಿ ಅನ್ನಿಸುತ್ತದೆ, ನಿಜ. ನನ್ನ ಹತ್ತಿರ ಇದ್ದ ಬೇರೊಂದು ಕೀಬೋರ್ಡಿನಲ್ಲಿ ನಾನು ಅದನ್ನು ಸದಾ ಆಫ್ ಇಟ್ಟಿದ್ದೆ. ಒಂದು ರಾತ್ರಿ ನಿದ್ದೆಗಣ್ಣಲ್ಲಿ, ಮೂರು ದಿನ ಕೂತು ತಿದ್ದಿದ ಕೊಳಲಿನ ಮೇಲೆ ಯಾವುದೋ ಸುಮ್ನೆ ಒತ್ತಿದ ಗಂಟೆ ಸದ್ದನ್ನು ಬರೆದುಬಿಟ್ಟೆ.

ಇನ್ನು ಹೆಸರು. ಹತ್ತೇ ಅಕ್ಷರ ಇದ್ದಾಗ 'ಟೆಸ್ಟ್', 'ಟೆಸ್ಟ್2', 'ಹೊಸದು' ಅಂತ ಇಡುವುದು ಎಷ್ಟು ಸುಲಭ ಅಲ್ವಾ? ತಿಂಗಳು ಕಳೆದ ಮೇಲೆ ಯಾವುದು ಏನು ಅಂತ ತಿಳಿಯಲು ಎಲ್ಲವನ್ನೂ ಒಂದೊಂದಾಗಿ ನುಡಿಸಿ ನೋಡಬೇಕು. ಸೌಂಡ್ ಹಾಡಿನಲ್ಲಿ ಮಾಡುವ ಕೆಲಸವನ್ನೇ ಹೆಸರಾಗಿಸುವುದು ನನಗೆ ಸರಿ ಕಂಡ ದಾರಿ: ಮೊದಲು 'ಬೇಸ್' (ತಗ್ಗಿನ ದನಿ) ಅಥವಾ 'ಪ್ಯಾಡ್' (ಹಿನ್ನೆಲೆಯ ಉದ್ದ ದನಿ), ಆಮೇಲೆ ಗುಣ. ಜಾಗಗಳನ್ನು ಮಾತ್ರ ಜಾತಿವಾರು ಜೋಡಿಸುವುದಕ್ಕಿಂತ ಹಾಡಿನ ಸರದಿಯಲ್ಲಿ ಜೋಡಿಸುವುದು ವೇದಿಕೆಗೆ ಒಳ್ಳೆಯದು, ಪಕ್ಕದ ಬಟನ್ ಒತ್ತಿದರೆ ಮುಂದಿನ ಹಾಡಿನ ಸೌಂಡ್ ಬರಬೇಕು. ಎರಡು ಯಂತ್ರ ಜೋಡಿಸಿದ್ದರೆ ಒಂದು ಎಚ್ಚರ. ಮಿಡಿ, ಅಂದರೆ ಸಂಗೀತ ಯಂತ್ರಗಳು ಒಂದಕ್ಕೊಂದು ಸಂದೇಶ ಕಳಿಸುವ ವ್ಯವಸ್ಥೆ, ಸೌಂಡ್ ನಂಬರನ್ನು 0ಯಿಂದ 127ರವರೆಗೆ ಕಳಿಸುತ್ತದೆ, ಆದರೆ ಕೆಲವು ಯಂತ್ರಗಳು ಅದನ್ನೇ 1ರಿಂದ 128 ಅಂತ ತೋರಿಸುತ್ತವೆ. ಇಲ್ಲಿ 12 ಒತ್ತಿದರೆ ಅಲ್ಲಿ 13 ಬಂದರೆ ಗಾಬರಿ ಬೇಡ.

ಡಿಎಕ್ಸ್7ನ ಮೆಮೊರಿ, ಪವರ್ ಆಫ್ ಆದ ಮೇಲೆ ಒಳಗಿನ ಬ್ಯಾಟರಿಯ ಆಸರೆಯಲ್ಲಿ ಬದುಕುತ್ತದೆ. ಬ್ಯಾಟರಿ ಸತ್ತರೆ 32 ಸೌಂಡೂ ಅದರ ಜೊತೆಗೇ. ಹಾಗಾಗಿ ಇನ್ನೊಂದು ಪ್ರತಿ ಬೇಕೇ ಬೇಕು. ಮಿಡಿ ಕೇಬಲ್ ಮೂಲಕ ಇಡೀ ಬ್ಯಾಂಕನ್ನು, ಅಂದರೆ 32 ಸೌಂಡಿನ ಗುಂಪನ್ನು, ಕಂಪ್ಯೂಟರಿಗೆ ಕಳಿಸಬಹುದು. ಒಂದು ಸೌಂಡನ್ನು ಒತ್ತೊತ್ತಿ ಕಟ್ಟಿದರೆ 128 ಬೈಟ್, 32ಕ್ಕೆ 4096, ಹಿಂದೆ ಮುಂದೆ ಕಟ್ಟಿದ ಗುರುತುಗಳೂ ಸೇರಿ 4104. ಮಿಡಿಯ ವೇಗ ಸೆಕೆಂಡಿಗೆ 3125 ಬೈಟ್. ಲೆಕ್ಕ ಹಾಕಿ, ಸುಮಾರು 1.3 ಸೆಕೆಂಡಿನ ಕೆಲಸ. ಬ್ಯಾಟರಿ ಬಿಚ್ಚುವ ಮೊದಲು ಇದನ್ನು ಮಾಡಿಕೊಳ್ಳಿ. ಹೊಸ ಬ್ಯಾಟರಿ ಕೂರಿಸಿ ಬ್ಯಾಂಕನ್ನು ವಾಪಸ್ ಕಳಿಸಿದಾಗ ಏನೂ ಒಳಗೆ ಹೋಗದಿದ್ದರೆ ಕೇಬಲ್ ಬೈಯಬೇಡಿ, ಮೆಮೊರಿ ಪ್ರೊಟೆಕ್ಟ್ ಆನ್ ಇದೆಯಾ ನೋಡಿ.