ಹೆಸರು ಬದಲಿಸಿ ಬರೆದರೆ ಸಾಲದೇ?

ಪ್ರಶ್ನೆ: ಪರಿಚಯದ ಮಹಿಳೆಯೊಬ್ಬರು ತಮ್ಮ ಮೇಲಾದ ದೌರ್ಜನ್ಯವನ್ನು ನನ್ನ ಬಳಿ ಹೇಳಿಕೊಂಡಿದ್ದಾರೆ. ಅದನ್ನು ಬರೆದರೆ ನಾಲ್ಕು ಜನರಿಗೆ ಅರಿವು ಮೂಡೀತು. ಹೆಸರು ಬದಲಿಸಿದರೆ ಸಾಕಲ್ಲವೇ?

ಸಾಲದು. ಕಾನೂನಿಗೂ ಸಾಲದು, ಆಕೆಗಂತೂ ಖಂಡಿತ ಸಾಲದು.

ಕಾನೂನಿನ ಮಾತನ್ನು ಮೊದಲು ಮುಗಿಸುತ್ತೇನೆ. ಅತ್ಯಾಚಾರಕ್ಕೆ ಒಳಗಾದವರ ಗುರುತನ್ನು ಬಯಲು ಮಾಡುವುದು 1983ರಿಂದಲೂ ಅಪರಾಧ. ಆಗ ಅದು ಐಪಿಸಿಯ 228ಎ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ. ಎರಡು ವರ್ಷದವರೆಗೆ ಜೈಲು. ಹೆಸರು ಮುಚ್ಚಿಟ್ಟರಷ್ಟೇ ಆಗದು, ಗುರುತು ಹಿಡಿಯಲು ದಾರಿಯಾಗುವ ಯಾವ ವಿವರವೂ ಇರಬಾರದು ಎಂದು 2018ರ ಡಿಸೆಂಬರ್‌ನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿತು. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯೂ ಇದನ್ನೇ ಹೇಳುತ್ತದೆ.

ಊರಿನವರಿಗೆ ಹೆಸರು ಬೇಕಾಗುವುದೇ ಇಲ್ಲ. ‘ಹಾಲಿನ ಡೇರಿಯ ಹಿಂದಿನ ಮನೆ, ಎರಡನೆಯ ಮಗಳು, ಹೊಲಿಗೆ ಕಲಿತವಳು’ ಎಂದು ಬರೆದರೆ ಸಂಜೆಯೊಳಗೆ ಕಟ್ಟೆಯ ಮೇಲೆ ಕುಳಿತವರಿಗೆಲ್ಲ ಗೊತ್ತಾಗಿರುತ್ತದೆ.

ಆದರೆ ಗುರುತಿನ ಪ್ರಶ್ನೆ ಬಗೆಹರಿದ ಮೇಲೂ ಒಂದು ಉಳಿಯುತ್ತದೆ. ನಾನದನ್ನು ಕಲಿತದ್ದು ತಡವಾಗಿ. ವರ್ಷಗಳ ಹಿಂದೆ ಒಬ್ಬರ ಅನುಭವ ಬರೆದು, ಅಚ್ಚಿಗೆ ಕಳಿಸುವ ಮುನ್ನ ಅವರ ಮನೆಯ ಜಗಲಿಯಲ್ಲೇ ಕುಳಿತು ಓದಿ ಹೇಳಿದೆ. ಹೊಡೆತ, ಪೊಲೀಸ್ ಠಾಣೆ, ಆಸ್ಪತ್ರೆ ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಂಡರು. ಆ ಹೊತ್ತಿನಲ್ಲಿ ಒಲೆಯ ಮೇಲೆ ಏನು ಬೇಯುತ್ತಿತ್ತು ಎಂಬ ಸಾಲು ಬಂದಾಗ ಕೈ ಚಾಚಿ ಹಾಳೆಯನ್ನು ಮುಚ್ಚಿದರು. “ಅದೊಂದು ಬೇಡ. ಅದನ್ನು ಮಕ್ಕಳಿಗೆ ಇವತ್ತಿಗೂ ಮಾಡಿ ಹಾಕುತ್ತೇನೆ.” ನನ್ನ ಮಟ್ಟಿಗೆ ಬರಹದ ಅತ್ಯಂತ ಜೀವಂತ ಸಾಲು ಅದೇ ಆಗಿತ್ತು. ತೆಗೆದೆ. ಅದೇನು ಅಡುಗೆ ಎಂದು ಇಲ್ಲಿಯೂ ಬರೆಯುವುದಿಲ್ಲ.

ಬಾಯಿಬಿಟ್ಟು ಬೇಡ ಎನ್ನಲಾಗದವರ ಪಾಡು ಇನ್ನೂ ಕಷ್ಟದ್ದು. ಕಾಸರಗೋಡಿನ ಗೇರು ತೋಟಗಳ ಮೇಲೆ ವರ್ಷಾನುಗಟ್ಟಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಲೂ ಅದೇ ಕಥೆ. ಅಂಗವೈಕಲ್ಯಕ್ಕೆ ತುತ್ತಾದ ಅಲ್ಲಿನ ಮಕ್ಕಳ ಚಿತ್ರಗಳು ದೇಶದ ಕಣ್ಣು ತೆರೆಸಿದವು, 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಹೇರುವ ಹೊತ್ತಿಗೆ ಆ ಮುಖಗಳು ಎಲ್ಲರಿಗೂ ಪರಿಚಿತವಾಗಿದ್ದವು. ಆ ಚಿತ್ರಗಳು ಬೇಕಿದ್ದವು ಎಂದೇ ನಾನು ನಂಬುತ್ತೇನೆ. ಆದರೂ ಚಾಪೆಯ ಮೇಲೆ ಮಲಗಿದ್ದ ಮಗುವನ್ನು ಕ್ಯಾಮೆರಾ ಬಂದಾಗಲೆಲ್ಲ ತಾಯಿ ಎತ್ತಿ ತೋರಿಸಬೇಕಾದದ್ದು ನನ್ನನ್ನು ಕಾಡುತ್ತದೆ. ಹತ್ತನೆಯ ಸಲ ಹೋದವರಿಗೆ ಹೊಸ ಚಿತ್ರದ ಅಗತ್ಯವಾದರೂ ಏನಿತ್ತು? ಪರಿಹಾರದ ಕಡತ ಎಲ್ಲಿ ನಿಂತಿದೆ ಎಂದು ಬರೆಯಬಹುದಿತ್ತಲ್ಲ.

ಹಾಗಾಗಿ, ಬರೆಯುವ ಮುನ್ನ ಕೇಳಿ. ಮನಸ್ಸು ಹಗುರ ಮಾಡಿಕೊಳ್ಳಲು ಹೇಳಿದ್ದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಬರೆದ ಮೇಲೆ ಓದಿ ಹೇಳಿ, ಅವರು ಬೇಡವೆಂದ ಸಾಲನ್ನು ಕಾರಣ ಕೇಳದೆ ತೆಗೆಯಿರಿ. ಪೂರ್ತಿ ಬೇಡವೆಂದರೆ ಪೂರ್ತಿ ಬಿಡಿ. ಪ್ರಕಟವಾಗುವ ದಿನವನ್ನೂ ಮೊದಲೇ ತಿಳಿಸಿ. ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ವಾರವೇ ಅದಾಗಿರಬಹುದು.